ಎಂಟು ತೂತಿನ ತೋರಣ

ತುಂಗಭದ್ರೆಯ ದಂಡೆ, ಮುಂಡರಗಿ ಸೀಮೆ
ಕ್ರಿ.ಶ. ೨೨೧೧, ಹದಿಮೂರನೆಯ ತಿಂಗಳ ಮೊದಲ ದಿನ

ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಪಂಪ್‌ಹೌಸಿನ ಕಪಾಟು ತೆರೆದು, ತೂತು ತೂತಾದ ಕಾಗದದ ಸುರುಳಿಯೊಂದನ್ನು ಹಿಡಿದು, ರದ್ದಿಗೆ ಹಾಕಲೋ ಬೇಡವೋ ಎಂದು ಯೋಚಿಸುತ್ತಿರುವ ಹಿರಿಯರಿಗೆ ಗುರಬಸವ್ವನ ಶರಣು. ಹದಿಮೂರನೆಯ ತಿಂಗಳೇ ಎಂದು ಹುಬ್ಬೇರಿಸಬೇಡಿ. ಅಧಿಕಮಾಸವನ್ನು ನಾವು ಕ್ಯಾಲೆಂಡರಿಗೇ ಸೇರಿಸಿಕೊಂಡಿದ್ದೇವೆ. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಹಳೆಗುರುತಿ, ಅಂದರೆ ನೀವು ಬಿಟ್ಟುಹೋದ ಸಾಮಾನು ನೋಡಿ ಇದು ಇಂಥದ್ದು ಎಂದು ಹೇಳುವವಳು. ಈ ಹೊತ್ತು ಜಂಬ ಕೊಚ್ಚಿಕೊಳ್ಳಲಿಕ್ಕೇ ಬರೆಯುತ್ತಿದ್ದೇನೆ.

ನಮ್ಮೂರಿಗೆ ನದಿಯ ನೀರು ಏರಿಸುವ ಪಂಪು ನಿಮ್ಮ ಕಾಲದ್ದು. ಈ ಬೇಸಿಗೆಯಲ್ಲಿ ಅದರ ಹಲ್ಲಿನ ಚಕ್ರ ಒಡೆದು ಚೂರಾಯಿತು. ಅದರ ಅಳತೆ ಯಾರಲ್ಲೂ ಇಲ್ಲ. ಊರು ಬಿಡುವ ಮಾತು ಶುರುವಾಗಿತ್ತು. ಆಗ ನನ್ನ ಕಣ್ಣು ಪಂಪ್‌ಹೌಸಿನ ಬಾಗಿಲ ತೋರಣದ ಮೇಲೆ ಬಿತ್ತು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಗಿತ್ತು ನಮ್ಮ ಕತೆ. ಹಬ್ಬ ಬಂದರೆ ನಿಮ್ಮ ಕೈಯಲ್ಲಿರುವ ಅದೇ ಕಾಗದದ ಸುರುಳಿ ಬಿಚ್ಚಿ ಬಾಗಿಲಿಗೆ ಕಟ್ಟುವುದು, ಮುಗಿದ ಮೇಲೆ ಸುತ್ತಿಡುವುದು ನಮ್ಮ ನೀರಗೌಡರ, ಅಂದರೆ ಪಂಪು ನೋಡಿಕೊಳ್ಳುವ ಯಜಮಾನರ, ತಲೆತಲಾಂತರದ ಪದ್ಧತಿ. ಈಗಿನ ನೀರಗೌಡ ಬಸಲಿಂಗಪ್ಪನವರು ಅದು ಹಳೆಯ ಟೆಲಿಗ್ರಾಂ ಎಂದೇ ನಂಬಿದ್ದರು. ಆದರೆ ಟೆಲಿಗ್ರಾಂ ಟೇಪಿನಲ್ಲಿ ಅಡ್ಡಸಾಲಿಗೆ ಐದು ತೂತಿನ ಜಾಗವಿರುತ್ತದೆ, ಇದರಲ್ಲಿ ಎಂಟು. ಎಂಟಿದ್ದರೆ ಕಂಪ್ಯೂಟರಿನದು, ಇಲ್ಲವೇ ಲೋಹ ಕಡೆಯುವ ಯಂತ್ರಕ್ಕೆ ಅಪ್ಪಣೆ ಕೊಡುವಂಥದು. ಓದಿ ನೋಡಿದೆ. ಚಕ್ರದ ಒಂದೊಂದು ಹಲ್ಲಿನ ಅಳತೆಯೂ ಅಲ್ಲೇ ನೇತಾಡುತ್ತಿತ್ತು!

ಆದರೆ ಒಂದು ಸಾಲಿನ ಒಂದು ತೂತಿನ ಅಂಚು ಹರಕಾಗಿತ್ತು. ಬಸಲಿಂಗಪ್ಪನವರು ತಲೆ ಮೇಲೆ ಕೈ ಹೊತ್ತರು. “ಮನಶ್ಯಾ ಚುಚ್ಚಿದ್ದೋ, ಹುಳಾ ತಿಂದದ್ದೋ, ಯಾರ್ ಹೇಳಬೇಕವ್ವಾ? ಇರೋದು ಒಂದ ಉಕ್ಕಿನ ಗಟ್ಟಿ. ಹಲ್ಲು ತಪ್ಪಿದ್ರ ಊರ ಹೋತು!”

ನಾನು ಸುರುಳಿಯನ್ನು ನೆಲದ ಮೇಲೆ ಹಾಸಿದೆ. ಕೂತು ಒಂದೊಂದು ಸಾಲಿನ ತೂತು ಎಣಿಸಿದೆ. ಪಟ್ಟಿಯನ್ನು ಮುಂದಕ್ಕೆಳೆಯುವ ಸಣ್ಣ ತೂತು ಲೆಕ್ಕಕ್ಕೆ ಹಿಡಿಯದಿದ್ದರೆ ಉಳಿದ ಯಾವ ಸಾಲಿನಲ್ಲೂ ತೂತುಗಳು ಬೆಸಸಂಖ್ಯೆಯಲ್ಲಿಲ್ಲ. ಎರಡು, ನಾಲ್ಕು, ಆರು. ತಪ್ಪು ಸಿಕ್ಕಿಬೀಳಲೆಂದೇ ನಿಮ್ಮವರು ಹಾಗೆ ಚುಚ್ಚುತ್ತಿದ್ದರು. ಹರಕು ತೂತನ್ನು ಸೇರಿಸಿದರೆ ಆ ಸಾಲಿನಲ್ಲಿ ಐದಾಗುತ್ತಿತ್ತು, ಬಿಟ್ಟರೆ ನಾಲ್ಕು.

“ಹುಳಕ್ಕೇನ ಗೊತ್ರೀ ಯಜಮಾನ್ರ, ಸರಿ-ಬೆಸಾ? ಮುಚ್ರಿ ಅದನ್ನ!” ಎಂದೆ.

ಅವರೇ ಅಂಟು ಹಚ್ಚಿ ಮುಚ್ಚಿದರು. ಪಟ್ಟಿಯನ್ನೂ ಇದ್ದ ಒಂದೇ ಗಟ್ಟಿಯನ್ನೂ ಊರಲ್ಲುಳಿದಿದ್ದ ನಿಮ್ಮ ಕಾಲದ ಲೋಹ ಕಡೆಯುವ ಯಂತ್ರಕ್ಕೆ ಕೊಟ್ಟೆವು. ಚಕ್ರ ಗಕ್ಕನೆ ಕೂತಿತು, ಪಂಪು ಒಮ್ಮೆ ಕೆಮ್ಮಿತು, ನೀರು ಬಂತು! ಬಸಲಿಂಗಪ್ಪನವರು ತಲೆಗೆ ಸುತ್ತಿದ ಪಟಗದ ಸಮೇತ ನೀರು ತುಂಬುತ್ತಿದ್ದ ತೊಟ್ಟಿಗಿಳಿದರು. ನಾನೂ ಇಳಿದೆ. ಆ ಖುಷಿಗೆ ನಮ್ಮ ಕಾಲದಲ್ಲೂ ಹೊಸ ಪದ ಹುಟ್ಟಿಲ್ಲ.

ಒಂದೇ ಬೇಡಿಕೆ. ಸುರುಳಿಯ ಹೊರಸುತ್ತಿನ ಮೇಲೆ ಚಹಾ ಲೋಟದ ದುಂಡನೆಯ ಕಲೆಯಿದೆ. ಆ ಲೋಟ ನಿಮ್ಮದೇ ಇರಬೇಕು. ಅದು ಈಗ ನಿಮ್ಮ ಇನ್ನೊಂದು ಕೈಯಲ್ಲಿರಬಹುದು. ಲೋಟವನ್ನು ಧಾರಾಳವಾಗಿ ಅದರ ಮೇಲಿಡಿ, ನಮ್ಮದೇನೂ ತಕರಾರಿಲ್ಲ. ಕುಡಿದಾದ ಮೇಲೆ ಸುರುಳಿಯನ್ನು ಇದ್ದಲ್ಲೇ ಇಟ್ಟು ಕಪಾಟು ಮುಚ್ಚಿ. ನಮಗೆ ನೀರು ಬೇಕಾಗಿದೆ.