ಸಮಯಕ್ಕೆ ಬಾರದ ರಕ್ತದ ರಿಪೋರ್ಟ್

ನನ್ನ ಪಕ್ಕದ ಸೀಟಿನ ಗೆಳತಿ ಶೈಲಾಗೆ,

ನೀನು ಹೋದ ಮೇಲೆ ನಿನ್ನ ಕುರ್ಚಿಯಲ್ಲಿ ಯಾರೂ ಕೂತಿಲ್ಲ ಕಣೇ. ಕೂರಿಸಬಾರದು ಅಂತ ಹಟವೇನೂ ಅಲ್ಲ, ಹೊಸಬರನ್ನ ತಗೊಂಡೇ ಇಲ್ಲ, ಅಷ್ಟೆ. ಈಗ ಅದರ ಮೇಲೆ ಕೆಟ್ಟುಹೋದ ಪ್ರಿಂಟರ್ ಕೂತಿದೆ. ನೀನಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ದೆ. ಅಳೋಕೆ ಅಂತ ಇದನ್ನ ಬರೀತಿಲ್ಲ. ಗೆದ್ದಿದೀನಿ ಕಣೇ, ಅದನ್ನ ಹೇಳೋಕೆ ಬರೀತಿದೀನಿ. ನಿನ್ನ ಬಿಟ್ಟು ಬೇರೆ ಯಾರಿಗೆ ಹೇಳಿದ್ರೂ 'ಓಹ್, ಒಳ್ಳೇದಾಯ್ತು' ಅಂದು ಟೀವಿ ಕಡೆ ತಿರುಗ್ತಾರೆ.

ರಾಜಾಜಿನಗರದ ನಮ್ಮ ಬ್ಲಡ್ ಬ್ಯಾಂಕಿಗೆ ನಾನು ಸೇರಿದ ದಿನ ನೀನು ಹೇಗಿದ್ದೆ ಗೊತ್ತಾ? ಫೋನಿನ ರಿಸೀವರನ್ನ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸ್ಕೊಂಡು, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಅಂತ ನಮ್ಮ ಒಂದೊಂದು ಸೆಂಟರಿಗೂ ಫೋನ್ ಮಾಡಿ, 'ಓ ನೆಗೆಟಿವ್ ಎಷ್ಟಿದೆ? ಬಿ ಪಾಸಿಟಿವ್ ಎಷ್ಟಿದೆ?' ಅಂತ ಕೇಳ್ತಾ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೀತಿದ್ದೆ. ಕೆಂಗೇರಿ ಲೆಕ್ಕ ಬರೆಯೋ ಹೊತ್ತಿಗೆ ವಿಜಯನಗರದ್ದು ತಪ್ಪಾಗಿರ್ತಿತ್ತು. 'ಇದೊಂದು ಕೆಲಸಾನಾ ಉಷಾ? ಎಲ್ಲಾ ಸೆಂಟರಿನವರೂ ನಮ್ಮ ಸರ್ವರಿಗೇ ಎಂಟ್ರಿ ಮಾಡ್ತಾರೆ. ಲೆಕ್ಕ ಅಲ್ಲೇ ಬಿದ್ದಿದೆ. ಅದನ್ನ ಕಂಪ್ಯೂಟರೇ ಎತ್ತಿ ಕೊಡ್ಲಿ' ಅಂತ ನೀನು ನನಗೆ ಅಂದೆ. ಅಂದಿದ್ದಷ್ಟೇ ಅಲ್ಲ, ಮಾಡಿಯೂ ಬಿಟ್ಟೆ. ದಿನಾ ಬೆಳಗ್ಗೆ ಕೌಂಟರ್ ಬಾಗಿಲು ತೆಗೆಯೋ ಮುಂಚೆ ನೀನು ಬರೆದ ಆ ರಿಪೋರ್ಟ್ ತಾನಾಗೇ ಹೊಸ ಲೆಕ್ಕ ತುಂಬಿಕೊಂಡು ರೆಡಿ ಇರ್ತಿತ್ತು. ಯಾವ ಗುಂಪಿನ ರಕ್ತ ಯಾವ ಸೆಂಟರಿನಲ್ಲಿ ಎಷ್ಟಿದೆ, ಎಲ್ಲಾ ಒಂದೇ ಹಾಳೆಯಲ್ಲಿ. ಆವತ್ತು ಹಲಗೆ ಒರೆಸಿ ಗೋಡೆ ಕಡೆ ತಿರುಗಿಸಿ ಇಟ್ಟಾಗ ನಿನ್ನ ಮುಖ ನೋಡಬೇಕಿತ್ತು…

ಬಸವೇಶ್ವರನಗರದ ದರ್ಶಿನಿಯಲ್ಲಿ ನಿಂತ್ಕೊಂಡು ಕಾಫಿ ಕುಡೀತಾ ನಾವಿಬ್ಬರೂ ಜಗಳ ಆಡಿದ್ದು ನೆನಪಿದೆಯಾ? ಕೆಲವು ತಿಂಗಳು ಚೆನ್ನಾಗಿ ನಡೆದ ರಿಪೋರ್ಟ್ ಆಗಾಗ ಕೈ ಕೊಡೋಕೆ ಶುರು ಮಾಡಿತ್ತು. ಒಂದು ಬೆಳಗ್ಗೆ ಸರಿ, ಇನ್ನೊಂದು ಬೆಳಗ್ಗೆ 'ಟೈಮ್ ಔಟ್'. ಲೆಕ್ಕ ಕೇಳಿ, ಉತ್ತರಕ್ಕೆ ಕಾದೂ ಕಾದೂ, ಕೊಟ್ಟ ಗಡುವು ಮುಗಿದ ತಕ್ಷಣ ಕೆಲಸ ಬಿಟ್ಟುಬಿಡ್ತಿತ್ತು.

'ಕೆಂಗೇರಿ ಲೈನ್ ಸ್ಲೋ ಕಣೇ, ಬೇರೇನೂ ಅಲ್ಲ' ಅಂದೆ ನಾನು.

'ಸ್ಲೋ ಆದ್ರೆ ದಿನಾ ಸ್ಲೋ ಇರಬೇಕಲ್ವೇನೇ? ಸೋಮವಾರ ಸರಿಯಾಗಿ ಬಂದಿದ್ದು ಮಂಗಳವಾರ ಯಾಕೆ ನಿಂತೋಗುತ್ತೆ?' ಅಂದೆ ನೀನು.

ಪಕ್ಕದಲ್ಲಿ ಇಡ್ಲಿ ತಿಂತಿದ್ದ ಅಂಕಲ್ ಒಬ್ರು, 'ಯಾವ ಬಸ್ಸಮ್ಮಾ ಅದು?' ಅಂತ ಕೇಳಿದ್ರಲ್ಲ! ನಿನ್ನ ಮೂಗಿಂದ ಕಾಫಿ ಬಂದುಬಿಟ್ಟಿತ್ತು.

ಹೃದಯದ ವಾಲ್ವ್ ಆಪರೇಷನ್ನಿಗೆ ಅಡ್ಮಿಟ್ ಆಗೋ ಹಿಂದಿನ ಸಂಜೆ ನೀನು ಆಫೀಸಿಗೆ ಬಂದಿದ್ದೆ, ರೇಷ್ಮೆ ಸೀರೆ ಉಟ್ಕೊಂಡು. ಯಾಕೇ ಇದು ಅಂದ್ರೆ, 'ಆಸ್ಪತ್ರೆಯಲ್ಲಿ ಹಸಿರು ಗೌನ್ ಹಾಕ್ತಾರಂತೆ, ಅದಕ್ಕೆ ಮುಂಚೆ ಒಂದ್ಸಲ ಚೆನ್ನಾಗಿ ಕಾಣೋಣ ಅಂತ' ಅಂದೆ. ಆಯುಧಪೂಜೆ ಹೊತ್ತಿಗೆ ಬಂದುಬಿಡ್ತೀನಿ, ಸರ್ವರಿಗೆ ಕುಂಕುಮ ನಾನೇ ಇಡೋದು ಅಂತಲೂ ಅಂದಿದ್ದೆ. ಆ ಆಸ್ಪತ್ರೆಯಿಂದ ನೀನು ವಾಪಸ್ ಬರಲೇ ಇಲ್ಲ. ಆಯುಧಪೂಜೆ ದಿನ ನಾನು ಕುಂಕುಮದ ಬಟ್ಟಲು ಹಿಡ್ಕೊಂಡು… ಬಿಡು. ಇಟ್ಟೆ.

ಅದಾದ ಸ್ವಲ್ಪ ದಿನಕ್ಕೆ ಕೌಂಟರಿಗೆ ಒಬ್ಬ ಹುಡುಗಿ ಬಂದಳು. ಅವಳ ಅಪ್ಪನಿಗೆ ಹೊಟ್ಟೆ ಆಪರೇಷನ್, ಓ ನೆಗೆಟಿವ್ ಬೇಕು. ನಮ್ಮಲ್ಲಿ ಇರಲಿಲ್ಲ. ರಿಪೋರ್ಟ್ ನೋಡಿ, 'ವಿಜಯನಗರದಲ್ಲಿದೆ, ಹೋಗಮ್ಮ' ಅಂತ ಕಳಿಸಿದ್ರು. ಆಟೋ ಮಾಡ್ಕೊಂಡು ಹೋದಳು. ಅಲ್ಲಿ ಫ್ರಿಜ್ಜಿನಲ್ಲಿ ಓ ನೆಗೆಟಿವ್ ಒಂದು ಬ್ಯಾಗೂ ಇರಲಿಲ್ಲ. ಇದ್ದಿದ್ದು ಹಿಂದಿನ ದಿನವೇ ಬೇರೆಯವರಿಗೆ ಹೋಗಿತ್ತು. ಬೆಳಗ್ಗೆ ರಿಪೋರ್ಟ್ ಟೈಮ್ ಔಟ್ ಆಗಿ ನಿಂತಿತ್ತು, ನಮ್ಮವರು ನೋಡಿದ್ದು ಹಳೇ ಲೆಕ್ಕ. ಹಳೇದು ಅಂತ ಅದರ ಮೇಲೆ ಎಲ್ಲೂ ಬರೆದಿರಲಿಲ್ಲ. ಹುಡುಗಿ ವಾಪಸ್ ಬಂದು ಕೌಂಟರ್ ಮುಂದೆ ನಿಂತಳು. ಕೂಗಾಡಲಿಲ್ಲ ಕಣೇ. 'ನಿಮ್ಮ ಕಾಗದದಲ್ಲಿರೋ ರಕ್ತ ನಮ್ಮಪ್ಪನ ಮೈಗೆ ಹೋಗುತ್ತಾ ಸಾರ್?' ಅಂತ ಕೇಳಿದಳು. ಅಷ್ಟೇ. ಎಲ್ಲರೂ ಊರಲ್ಲಿರೋ ಬ್ಲಡ್ ಬ್ಯಾಂಕಿಗೆಲ್ಲಾ ಫೋನ್ ಮಾಡಿದ್ವಿ, ಸಿಕ್ತು. ಆಪರೇಷನ್ ಸಂಜೆಗೆ ಹೋಯ್ತು, ಅವಳ ಅಪ್ಪ ಉಳಿದ್ರು. ಆದ್ರೂ ಆ ಮಾತು ನನ್ನ ಎದೆಯಲ್ಲಿ ಹಾಗೇ ಉಳ್ಕೊಂಡಿತು.

ಮಾರನೇ ದಿನ ನಮ್ಮ ಬ್ಯಾಂಕ್ ನಡೆಸೋ ಡಾಕ್ಟರ್ ಸುಮಿತ್ರಾ ಮೇಡಂ ನನ್ನ ಕರೆದ್ರು. ಅವರು ಜೋರಾಗಿ ಮಾತಾಡಲ್ಲ ಅಂತ ನಿನಗೇ ಗೊತ್ತಲ್ಲ. ಮೆತ್ತಗೇ ಅಂದ್ರು: 'ಉಷಾ, ತಪ್ಪು ಲೆಕ್ಕಕ್ಕಿಂತ ಲೆಕ್ಕ ಇಲ್ಲದೇ ಇರೋದೇ ವಾಸಿ. ಆ ರಿಪೋರ್ಟ್ ನಿಲ್ಲಿಸಿಬಿಡಿ. ಫೋನೇ ಮಾಡೋಣ.' ಗೋಡೆ ಕಡೆ ತಿರುಗಿಸಿದ್ದ ಹಲಗೆಯನ್ನ ಆಗಲೇ ಯಾರೋ ಈ ಕಡೆ ತಿರುಗಿಸಿದ್ರು. ನಾನು ಏನು ಹೇಳಲಿ? ಶೈಲಾ ಮಾಡಿದ್ದು ಮೇಡಂ, ನಿಲ್ಲಿಸಬೇಡಿ ಅಂತಲಾ? ಅದು ಕಾರಣ ಆಗಲ್ಲ. 'ನವೆಂಬರ್ ಕೊನೇಲಿ ಚಂದ್ರಾ ಲೇಔಟಿನಲ್ಲಿ ರಾಜ್ಯೋತ್ಸವದ ದೊಡ್ಡ ಕ್ಯಾಂಪ್ ಇದೆಯಲ್ಲ ಮೇಡಂ, ಅಲ್ಲೀವರೆಗೂ ಟೈಮ್ ಕೊಡಿ. ಆಗಲೂ ಕೈ ಕೊಟ್ರೆ ನಾನೇ ನಿಲ್ಲಿಸ್ತೀನಿ' ಅಂದೆ. ಅದಕ್ಕೆ ಮೇಡಂ, 'ಸರಿ. ಅಲ್ಲೀತನಕ ಕೌಂಟರಿನವರು ಅದನ್ನ ನಂಬಬಾರದು' ಅಂದ್ರು.

ಸಾಫ್ಟ್‌ವೇರ್ ಮಾರಿದ ಕಂಪನಿಗೆ ಫೋನ್ ಮಾಡ್ದೆ. 'ಗಡುವು ಜಾಸ್ತಿ ಮಾಡಿ ಮೇಡಂ, ಸಿಂಪಲ್' ಅಂದ ಆ ಕಡೆಯವನು. ಮಾಡ್ದೆ. ಏನಾಯ್ತು ಗೊತ್ತಾ? ರಿಪೋರ್ಟ್ ನಿಲ್ಲಲಿಲ್ಲ, ಆದ್ರೆ ಮಧ್ಯಾಹ್ನ ಊಟದ ಹೊತ್ತಿಗೆ ಬಂತು. ಅದು ಕಾಯ್ತಾ ಕೂತಿರೋವಷ್ಟು ಹೊತ್ತೂ ಉಳಿದ ಸೆಂಟರುಗಳ ಎಂಟ್ರಿಯೆಲ್ಲಾ ಅದರ ಹಿಂದೆ ಸಾಲುಗಟ್ಟಿ ನಿಂತಿತ್ತು. ವಿಜಯನಗರದವರಿಂದ ಬೈಗುಳ. ಮತ್ತೆ ಫೋನ್ ಮಾಡಿದ್ರೆ, 'ಹಾಗಾದ್ರೆ ದೊಡ್ಡ ಸರ್ವರ್ ತಗೊಳ್ಳಿ ಮೇಡಂ' ಅಂದ. ಕಾಯ್ತಾ ಇರೋನಿಗೆ ದೊಡ್ಡ ಕುರ್ಚಿ ಕೊಟ್ರೆ ಕಾಯೋದು ತಪ್ಪುತ್ತಾ? ಯಾರಿಗೋಸ್ಕರ ಕಾಯ್ತಿದೆ ಅದು, ಅದಲ್ವಾ ನೀನು ಕೇಳ್ತಾ ಇದ್ದಿದ್ದು?

ಸೋಮವಾರ ಸರಿ, ಮಂಗಳವಾರ ಯಾಕೆ ಇಲ್ಲ ಅನ್ನೋ ನಿನ್ನ ಪ್ರಶ್ನೆ ಹಿಡ್ಕೊಂಡು ಕ್ಯಾಲೆಂಡರ್ ಮುಂದೆ ಕೂತೆ. ಕೆಟ್ಟ ದಿನಗಳಿಗೆ ಸುತ್ತು ಹಾಕ್ತಾ ಹೋದೆ. ರಕ್ತದಾನದ ಕ್ಯಾಂಪ್ ಆದ ಮಾರನೇ ದಿನ ಕೆಡುತ್ತಾ ಅಂತ ನಾವಿಬ್ರೂ ಒಮ್ಮೆ ನೋಡಿ, ಇಲ್ಲ ಅಂತ ಬಿಟ್ಟಿದ್ವಲ್ಲ? ಮಾರನೇ ದಿನ ಅಲ್ಲ ಕಣೇ! ಕ್ಯಾಂಪಿನಲ್ಲಿ ತಗೊಂಡ ರಕ್ತ ಟೆಸ್ಟಿಗೆ ಹೋಗುತ್ತೆ, ಟೆಸ್ಟ್ ಪಾಸಾದ ಮೇಲೇ ಸ್ಟಾಕಿಗೆ ಬರೋದು. ಕೆಡ್ತಾ ಇದ್ದಿದ್ದು ಅದು ಸ್ಟಾಕಿಗೆ ಬರೋ ದಿನ. ಅದರಲ್ಲೂ ಕೆಂಗೇರಿ ಕಡೆ ಕ್ಯಾಂಪ್ ಆದಾಗ ಮಾತ್ರ.

ಮುಂದಿನ ಸಲ ಅಂಥ ದಿನ ಬಂದಾಗ ನಾನು ಆಫೀಸಿಗೆ ಹೋಗಲಿಲ್ಲ. ಬೆಳಗಿನ ಮೊದಲ ಬಸ್ಸು ಹಿಡಿದು ಸೀದಾ ಕೆಂಗೇರಿಗೆ ಹೋದೆ. ಅಲ್ಲಿ ಬಸವರಾಜ ಅಂತ ಹೊಸ ಟೆಕ್ನಿಷಿಯನ್ ಇದಾನೆ, ಗದಗದ ಕಡೆಯವನು. ನೀನು ನೋಡಿಲ್ಲ, ನೀನು ರಜೆ ಹಾಕಿದ ಮೇಲೆ ಮೊದಲಿದ್ದವರ ಜಾಗಕ್ಕೆ ಬಂದೋನು. 'ಏನ್ರೀ ಮೇಡಂ, ಇಷ್ಟ್ ಲಗೂ ಬಂದೀರಿ? ಚಹಾ ಕುಡಿತೀರೇನ್ರಿ?' ಅಂತ ಗಾಬರಿಯಾದ. ನಾನು ಸುಮ್ಮನೆ ಮೂಲೇಲಿ ಕೂತು ನೋಡ್ತೀನಿ, ನೀವು ದಿನಾ ಮಾಡೋ ಹಾಗೇ ಮಾಡಿ ಅಂದೆ. ಅವನು ಎಂಟ್ರಿ ಸ್ಕ್ರೀನ್ ತೆಗೆದ, ಮೊದಲ ಬ್ಯಾಗಿನ ನಂಬರ್ ಹೊಡೆದ, ಆಮೇಲೆ ಎದ್ದು ಒಳಗೆ ಹೋದ. ಬ್ಯಾಗುಗಳನ್ನ ಒಂದೊಂದಾಗಿ ನೋಡಿ, ಚೀಟಿ ಅಂಟಿಸಿ, ಗುಂಪಿನ ಪ್ರಕಾರ ಫ್ರಿಜ್ಜಿನಲ್ಲಿ ಜೋಡಿಸಿದ. ಆಮೇಲೆ ಬಂದು ಉಳಿದ ನಂಬರ್ ಹೊಡೀತಾ ಹೋದ. ಎಲ್ಲಾ ಮುಗಿದ ಮೇಲೆ ಸೇವ್.

'ಸ್ಕ್ರೀನ್ ತೆರೆದಿಟ್ಟೇ ಹೋಗ್ತೀರಲ್ಲ?' ಅಂದೆ.

'ಹೂನ್ರೀ. ರಕ್ತ ಹೊರಗ ಇಟ್ಕೊಂಡು ಕುಂದ್ರಾಕ ಆಗಂಗಿಲ್ಲಲ್ರೀ. ಮೊದಲ ಫ್ರಿಜ್, ಆಮ್ಯಾಲೆ ಕಂಪ್ಯೂಟರ್. ಮೊದಲಿದ್ದವ್ರೂ ಹಿಂಗ ಮಾಡ್ತಿದ್ರಂತ್ರೀ. ತಪ್ಪಾತೇನ್ರೀ ಮೇಡಂ?'

ಎಲ್ಲಿಯ ತಪ್ಪು ಕಣೇ? ಅವನು ಮಾಡ್ತಿದ್ದಿದ್ದು ನೂರಕ್ಕೆ ನೂರು ಸರಿ. ತಪ್ಪು ಆ ಸ್ಕ್ರೀನಿನದು. ಒಬ್ಬರು ಎಂಟ್ರಿ ಶುರು ಮಾಡಿದ್ರೆ ಅವರು ಸೇವ್ ಮಾಡೋತನಕ ಸರ್ವರಿನಲ್ಲಿರೋ ಸ್ಟಾಕಿನ ಲೆಕ್ಕಕ್ಕೆ ಬೀಗ ಬೀಳುತ್ತೆ. ಆ ಬೀಗದ ಮುಂದೆ ನಿನ್ನ ರಿಪೋರ್ಟ್ ಪಾಪ ಕೈಕಟ್ಕೊಂಡು ನಿಂತಿರ್ತಿತ್ತು, ಗಡುವು ಮುಗಿಯೋತನಕ. ಬೇರೆ ಸೆಂಟರಿನವರು ಕೌಂಟರ್ ತೆಗೆದ ಮೇಲೆ, ರಿಪೋರ್ಟ್ ಓಡೋ ಹೊತ್ತು ಕಳೆದ ಮೇಲೆ ಎಂಟ್ರಿ ಮಾಡ್ತಿದ್ರು, ಅದಕ್ಕೇ ಗೊತ್ತಾಗಿರಲಿಲ್ಲ. ನಾನು ಆ ಕೆಂಗೇರಿ ಸೆಂಟರಿನ ನಡುವೆ ನಿಂತು ಜೋರಾಗಿ ನಕ್ಕುಬಿಟ್ಟೆ. ಬಸವರಾಜ ಹೆದರಿ ನೀರು ತಂದುಕೊಟ್ಟ.

ಕಾರಣ ಸಿಕ್ಕ ಮೇಲೆ ಕೆಲಸ ಎಷ್ಟು ಹೊತ್ತು ಹೇಳು? ಕಂಪನಿಯವನನ್ನ ಬಿಡದೆ ಕಾಡಿ, ಸೇವ್ ಒತ್ತಿದ ಗಳಿಗೆಯಲ್ಲಿ ಮಾತ್ರ ಬೀಗ ಬೀಳೋ ಹಾಗೆ ಸ್ಕ್ರೀನ್ ಬದಲಾಯಿಸಿದೆ. ಆಮೇಲೆ ನಿನ್ನ ರಿಪೋರ್ಟಿಗೂ ಕೈ ಹಾಕಿದೆ, ಬೈಕೋಬೇಡ. ನೀನು ಬರೆದಾಗ ಲೆಕ್ಕ ಚಿಕ್ಕದಿತ್ತು, ಅದಕ್ಕೆ ದಿನಾ ಮೊದಲಿಂದ ಎಲ್ಲಾ ಬ್ಯಾಗುಗಳನ್ನೂ ಎಣಿಸ್ತಿತ್ತು. ಈಗ ನಿನ್ನೆಯಿಂದ ಬದಲಾದ ಬ್ಯಾಗುಗಳನ್ನಷ್ಟೇ ಕೇಳುತ್ತೆ. ಒಂದೊಂದು ಸೆಂಟರನ್ನೂ ಬೇರೆ ಬೇರೆಯಾಗಿ ಕೇಳುತ್ತೆ, ಒಂದರಲ್ಲಿ ತೊಂದರೆ ಆದ್ರೂ ಉಳಿದವು ಬರ್ತವೆ. ಬಾರದೇ ಇರೋ ಸೆಂಟರಿನ ಸಾಲು ಕೆಂಪಾಗಿ, 'ಹಳೇ ಲೆಕ್ಕ, ಫೋನ್ ಮಾಡಿ ಕೇಳಿ' ಅಂತ ಕನ್ನಡದಲ್ಲೇ ತೋರಿಸುತ್ತೆ. ಲೆಕ್ಕ ಯಾವಾಗಿನದು ಅನ್ನೋದು ಹಾಳೆಯ ಮೇಲ್ಗಡೆ ದಪ್ಪಕ್ಷರದಲ್ಲಿ ಬರುತ್ತೆ. ಆ ಹುಡುಗಿಗೆ ಇನ್ನು ಯಾರೂ ಸುಳ್ಳು ಹೇಳೋಕಾಗಲ್ಲ.

ಚಂದ್ರಾ ಲೇಔಟಿನ ಕ್ಯಾಂಪ್ ದಿನ ನೀನಿರಬೇಕಿತ್ತು. ಹಳದಿ ಕೆಂಪು ಬಾವುಟ, ಆರ್ಕೆಸ್ಟ್ರಾ, ರಕ್ತ ಕೊಟ್ಟವರಿಗೆಲ್ಲಾ ಬಾಳೆಹಣ್ಣು, ಬಿಸ್ಕೆಟ್. ಆಟೋ ಡ್ರೈವರುಗಳು, ಹೊಸಹಳ್ಳಿ ಕಾಲೇಜು ಹುಡುಗರು, ಸಾಲು ರಸ್ತೆ ತನಕ. ಅಷ್ಟೂ ರಕ್ತ ಟೆಸ್ಟ್ ಮುಗಿಸಿ ಕೆಂಗೇರಿ ಫ್ರಿಜ್ಜಿಗೆ ಹೋಗೋದಿತ್ತು. ಅದು ಸ್ಟಾಕಿಗೆ ಬರೋ ದಿನ ಬೆಳಗ್ಗೆ ನಾನು ಸರ್ವರ್ ಮುಂದೆ ಕೂತಿದ್ದೆ, ಹಿಂದೆ ಸುಮಿತ್ರಾ ಮೇಡಂ ಕೈಕಟ್ಟಿ ನಿಂತಿದ್ರು. ಫೋನಿನಲ್ಲಿ ಬಸವರಾಜ, 'ಫ್ರಿಜ್ಜಿಗೆ ಜೋಡಿಸಾಕತ್ತೀನ್ರೀ ಮೇಡಂ, ಸ್ಕ್ರೀನ್ ತೆರದೇ ಐತ್ರಿ' ಅಂದ. ರಿಪೋರ್ಟ್ ಶುರುವಾಯ್ತು. ನಾನು ಕುರ್ಚಿ ಹತ್ತಿರ ಎಳ್ಕೊಳ್ಳೋ ಅಷ್ಟರಲ್ಲಿ ಮುಗಿದೇ ಹೋಯ್ತು ಕಣೇ! ಎಲ್ಲಾ ಸೆಂಟರೂ ಹಸಿರು. ಏನೋ ತಪ್ಪಾಗಿದೆ ಅಂತ ಮತ್ತೊಂದ್ಸಲ ಓಡಿಸಿದೆ. ಆಗಲೂ ಹಸಿರು, ಅಷ್ಟರಲ್ಲಿ ಬಸವರಾಜ ಸೇವ್ ಒತ್ತಿದ್ದ ಬ್ಯಾಗುಗಳೂ ಸೇರಿ. ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟು, 'ಕೌಂಟರಿನವರಿಗೆ ನಂಬಿ ಅಂತ ಹೇಳ್ತೀನಿ' ಅಂದ್ರು.

ನಂಬೋ ಸಂದರ್ಭ ಅದೇ ಬೆಳಗ್ಗೆ ಬಂತು. ಹೇರೋಹಳ್ಳಿಯ ನರ್ಸಿಂಗ್ ಹೋಮಿನಿಂದ ಒಬ್ಬರು ಬೈಕಿನಲ್ಲಿ ಬಂದ್ರು. ತಂಗಿಗೆ ಹೆರಿಗೆ ಆಗಿದೆ, ರಕ್ತ ನಿಲ್ತಾ ಇಲ್ಲ, ಬಿ ನೆಗೆಟಿವ್. ನಮ್ಮ ಫ್ರಿಜ್ಜಿನಲ್ಲಿ ಇಲ್ಲ. ಕೌಂಟರಿನವರು ರಿಪೋರ್ಟ್ ನೋಡಿದ್ರು. ಕೆಂಗೇರಿಯಲ್ಲಿದೆ, ಆಗ ತಾನೇ ಬಂದಿದ್ದು. ಆದ್ರೂ ಅವರ ಕಣ್ಣು ನನ್ನ ಕಡೆ ತಿರುಗಿತು. 'ಇದೆ, ಕಳಿಸಿ' ಅಂದೆ. ನನ್ನ ಧ್ವನಿ ನಡುಗಲಿಲ್ಲ ಕಣೇ, ಆಣೆ. ಬಸವರಾಜನಿಗೆ ಫೋನ್ ಮಾಡಿದ್ರೆ, 'ಬ್ಯಾಗ್ ನನ್ನ ಕೈಯಾಗೇ ಐತ್ರೀ, ಸ್ಯಾಂಪಲ್ ತರ್ಲಿಕ್ಕೆ ಹೇಳ್ರಿ, ಬಂದ ಕೂಡ್ಲೆ ಮ್ಯಾಚ್ ಮಾಡಿ ಕೊಡ್ತೀನಿ' ಅಂದ. ಮಧ್ಯಾಹ್ನ ನರ್ಸಿಂಗ್ ಹೋಮಿನಿಂದ ಮೇಡಂಗೆ ಫೋನ್ ಬಂತು. ತಾಯಿ ಹುಷಾರು, ಹೆಣ್ಣು ಮಗು. ಮೇಡಂ ಫೋನಿಟ್ಟು ಸೀದಾ ಹೋಗಿ ಆ ಕಪ್ಪು ಹಲಗೆಯನ್ನ ಎತ್ತಿಸಿ ಗೋಡೌನಿಗೆ ಕಳಿಸಿದ್ರು.

ಈಗ ನಿನಗೆ ಗೊತ್ತೇ ಇಲ್ಲದ ಒಂದು ಸುದ್ದಿ. ರಿಪೋರ್ಟಿಗೆ ಹೊಸದಾಗಿ ಟೈಮ್ ಹಾಕಿಡುವಾಗ ಸರ್ವರು ಆ ಕೆಲಸಕ್ಕೊಂದು ಹೆಸರು ಕೇಳ್ತು. ಬೇರೇನೂ ಯೋಚನೆ ಮಾಡದೆ ನಿನ್ನ ಹೆಸರು ಹೊಡೆದೆ. ಅದು ದಿನಾ ಹಾಳೆಯ ತುದಿಯಲ್ಲಿ ಪ್ರಿಂಟ್ ಆಗುತ್ತೆ ಅಂತ ನನಗೂ ಗೊತ್ತಿರಲಿಲ್ಲ. ಈಗ ಸುಮಿತ್ರಾ ಮೇಡಂ ಬೆಳಗ್ಗೆ ಬ್ಯಾಗನ್ನ ಹೆಗಲಿಂದ ಇಳಿಸೋ ಮುಂಚೆನೇ, 'ಶೈಲಾ ಬಂದ್ಲಾ?' ಅಂತ ಕೇಳ್ತಾರೆ. 'ಬಂದ್ಲು ಮೇಡಂ' ಅಂತ ಇಡೀ ಕೌಂಟರ್ ಹೇಳುತ್ತೆ. ಮೊದಮೊದಲು ನಾನು ಬಾತ್ರೂಮಿಗೆ ಹೋಗಿ ಮುಖ ತೊಳ್ಕೊಂಡು ಬರ್ತಿದ್ದೆ. ಈಗ ನಾನೂ ಎಲ್ಲರ ಜೊತೆ ಹೇಳ್ತೀನಿ.

ಮೊನ್ನೆ ಬಸವರಾಜ ಫೋನ್ ಮಾಡಿದ್ದ. 'ಮೇಡಂ, ಈ ಶೈಲಾ ಭಾಳ ಚಲೋ ಐತ್ರೀ. ಒಂದ್ ದಿನಾನೂ ತಪ್ಪಂಗಿಲ್ಲ. ಯಾವ ಕಂಪನಿದ್ರೀ ಇದು?' ಅಂದ.

'ನಮ್ದೇ, ಬಸವರಾಜ್' ಅಂದೆ. 'ನಮ್ಮ ಆಫೀಸಿನಲ್ಲೇ ಹುಟ್ಟಿದ್ದು.'

ನಿನ್ನ,
ಉಷಾ