ಅಪ್ಪ ನೋಡದ ನಡಿಗೆ

ಮಾರ್ಚ್ ೯, ಸೋಮವಾರ

ಪಿಎಚ್.ಡಿ.ಗೆ ಯಾವ ಲ್ಯಾಬ್ ಎಂದು ನಾಳೆ ಹೇಳಲೇಬೇಕು. ಹೃದಯದ ಕೃತಕ ಕವಾಟವೇ ಎಂದು ನಿನ್ನೆ ಗಟ್ಟಿಮಾಡಿಕೊಂಡಿದ್ದೆ. ಇವತ್ತು ನಡಿಗೆಯನ್ನು ಅಳೆಯುವ ಲ್ಯಾಬಿಗೆ ಹೋದದ್ದು ಬರೀ ದಾಕ್ಷಿಣ್ಯಕ್ಕೆ. ರೋಗಿಗಳ ಜೊತೆ ಹೋಲಿಸಲು ಅಲ್ಲಿನ ಸೀನಿಯರ್ ಅಕ್ಕನಿಗೆ ಆರೋಗ್ಯವಂತರೊಬ್ಬರು ಬೇಕಿತ್ತು.

ಭುಜ, ಸೊಂಟ, ಮಂಡಿಗೆಲ್ಲ ಹೊಳೆಯುವ ಗುಂಡುಗಳನ್ನು ಅಂಟಿಸಿ ನಡೆಸಿದಳು. ತೆರೆಯ ಮೇಲೆ ನಾನಿಲ್ಲ, ಚುಕ್ಕಿಗಳಷ್ಟೇ ನಡೆಯುತ್ತವೆ. ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ, ಯಾವ್ದೋ ಪೇಶೆಂಟ್ ಫೈಲ್ ಓಪನ್ ಮಾಡ್ಬಿಟ್ಟೆ ಕಣೇ."

ಅಲ್ಲ, ಫೈಲಿನ ಮೇಲೆ ನನ್ನದೇ ಹೆಸರು. ಬಲಗಾಲು ಊರಿದಾಗಲೆಲ್ಲ ಸೊಂಟ ಕುಸಿದು ಎಡಭುಜ ಮೇಲೇಳುತ್ತದೆ. ಆ ಚುಕ್ಕಿಗಳು ಅಪ್ಪ! ನಾನು ಹುಟ್ಟುವ ಮೊದಲೇ ಲಾರಿಗೆ ಸಿಕ್ಕಿ ಬಲಗಾಲು ಗಿಡ್ಡವಾದ ನನ್ನಪ್ಪ.

ಅಕ್ಕ ನನ್ನ ಕಾಲುಗಳನ್ನು ಎರಡೆರಡು ಸಲ ಅಳೆದಳು. "ಎರಡೂ ಸಮ ಇದೆ. ಇದು ನೀನು ನೋಡಿ ಕಲ್ತಿರೋದು."

ಮನೆಗೆ ಬಂದು ಹೇಳಿದರೆ ಅಪ್ಪ ಸುತಾರಾಂ ಒಪ್ಪಲಿಲ್ಲ. "ನಿನ್ ಕೈ ಹಿಡ್ಕೊಂಡಾಗೆಲ್ಲ ಹಲ್ಲು ಕಚ್ಚಿ ನೆಟ್ಟಗೇ ನಡೀತಿದ್ದೆ ಕಣಮ್ಮ. ಎಲ್ಲಿ, ನಡಿ ನೋಡೋಣ."

ಅಡುಗೆಮನೆಯಿಂದ ಬಾಗಿಲವರೆಗೆ ನಡೆದೆ. ಅಪ್ಪ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡ.

"ಇನ್ನೊಂದ್ಸಲ."

ನಡೆದೆ.

"ನಾನು ಹೀಗಾ ನಡಿಯೋದು?"

ಕವಾಟದ ಪ್ರೊಫೆಸರಿಗೆ ನಾಳೆ ಬೆಳಿಗ್ಗೆಯೇ ಕ್ಷಮೆ ಕೇಳಿ, ಬರುವುದಿಲ್ಲ ಎನ್ನಬೇಕು. ಅದಿರಲಿ, ಈಗ ನೀರು ಕುಡಿಯಲು ಎದ್ದವಳು ಯಾವ ಕಾಲನ್ನು ಹೇಗೆ ಊರಬೇಕೆಂದೇ ತಿಳಿಯದೆ ಮತ್ತೆ ಕೂತು ಇದನ್ನು ಬರೆಯುತ್ತಿದ್ದೇನೆ.