ಹೋಗುವಾಗಿನ ಬಾಜಾ

ಶಹಾಬಜಾರ, ಕಲಬುರಗಿ
ಮಂಗಳವಾರ, 18 ನವೆಂಬರ್ 2025

ಪ್ರೀತಿಯ ಮಗಳು ಯಶೋಧರಾಗೆ ಅಪ್ಪನ ಜೈಭೀಮ್.

ಹೇಗಿದ್ದೀ ತಾಯಿ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯೋ ಇಲ್ಲವೋ? ಆಸ್ಪತ್ರೆಯಲ್ಲಿ ದಿನವೆಲ್ಲ ನಿಂತು ಕಾಲು ಬಿದ್ದ ಮುದುಕರಿಗೆ ನಡಿಗೆ ಕಲಿಸುವವಳು ನೀನು, ನಿನ್ನ ಕಾಲಿಗೂ ಒಂದಿಷ್ಟು ಎಣ್ಣೆ ತಿಕ್ಕಿಕೋ. ನನ್ನದು ಕೇಳಿದರೆ, ಬಿ.ಪಿ. ಗುಳಿಗೆ ನಡೆದಿದೆ, ಮೊಣಕಾಲು ನೋವು ಹಾಗೇ ಇದೆ, ಊಟ ಪಕ್ಕದ ಮನೆ ಖುರ್ಷೀದ್ ಬೇಗಂ ಕಳಿಸುತ್ತಾಳೆ. ನಿಮ್ಮವ್ವ ಹೋಗಿ ಇಪ್ಪತ್ನಾಲ್ಕು ದಿನವಾಯಿತು, ಆ ಪುಣ್ಯಾತ್ಗಿತ್ತಿ ಒಂದು ಹೊತ್ತೂ ತಪ್ಪಿಸಿಲ್ಲ. ಬೇಡ ಅಂದರೆ ಬೈಯುತ್ತಾಳೆ. ಬೈಯುವುದಕ್ಕಾದರೂ ಒಬ್ಬರು ಉಳಿದಿದ್ದಾರಲ್ಲ ಎಂದು ಸುಮ್ಮನೆ ಉಣ್ಣುತ್ತೇನೆ.

ದಿನಾ ಫೋನಿನಲ್ಲಿ ಮಾತಾಡುವವನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂದುಕೊಳ್ಳುತ್ತೀ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ಸುಳ್ಳು ಹೇಳುತ್ತೇನೆ, ಅದಕ್ಕೆ. ಖುರ್ಷೀದ್ ಬೇಗಂ ಮಗಳು ಅಫ್ರೀನ್ ಈ ಹಾಳೆಗಳ ಫೋಟೊ ತೆಗೆದು ನಿನಗೆ ಕಳಿಸುತ್ತಾಳೆ. ಉರ್ದು ಶಾಲೆಯಲ್ಲಿ ಓದಿದ ಹುಡುಗಿ, ನನ್ನ ಕೋಳಿಕಾಲಿನ ಕನ್ನಡ ಅವಳಿಗೆ ಬಿಡಿಸಲಾಗದು. ಅದೇ ನನ್ನ ಧೈರ್ಯ.

ನೀನು ಮೂರು ಸಲ ಕೇಳಿದಿ, "ಅಪ್ಪಾ, ಅವ್ವಗ ನೀ ಕ್ಲಾರಿನೆಟ್ ಊದಿದ್ದು ಭೀಮಶಾ ಕಾಕಾ ಫೋನಿನ್ಯಾಗ ಹಿಡದಿರ್ತಾನ, ಕಳಸು" ಎಂದು. ಬರುವ ಭಾನುವಾರ ನಿನ್ನ ಓಣಿಯ ಬ್ಯಾಂಡಿನವರು ನಿಮ್ಮವ್ವನ ಹೆಸರಿನಲ್ಲಿ ಬೀದಿಗೆ ಇಳಿಯುತ್ತಾರೆ, ನಾನು ಊದಿದ್ದನ್ನೇ ಕೇಳಿ ಕಲಿತು ಬಾರಿಸುತ್ತಾರೆ ಅಂದಿ. ನಾನು ಭೀಮಶಾನ ಫೋನ್ ಕೆಟ್ಟಿದೆ ಅಂದೆ. ಅದು ಕೆಟ್ಟಿಲ್ಲ. ಮೂವತ್ತು ವರ್ಷ ನನ್ನ ಜೊತೆ ಡೋಲು ಬಾರಿಸಿದ ಬಡಪಾಯಿಯ ಮೇಲೆ ಈ ಅಪವಾದ ಬೇಡ.

ನಿಮ್ಮವ್ವನಿಗೆ ನೀನಿರುವ ನ್ಯೂ ಆರ್ಲಿಯನ್ಸ್ ಊರು ಎಷ್ಟು ಹಿಡಿಸಿತ್ತು ಅಂತೀ. ಅಲ್ಲಿ ಸೋಮವಾರ ಬಟ್ಟೆ ಒಗೆಯುವ ವಾರ, ಅದಕ್ಕೆ ಹೆಂಗಸರು ಬೆಳಿಗ್ಗೆಯೇ ಕೆಂಪು ಕಾಳು ಒಲೆ ಮೇಲಿಟ್ಟು ಮರೆತುಬಿಡುತ್ತಾರೆ, ಸಂಜೆ ಅನ್ನದ ಜೊತೆ ಅದೇ ಊಟ ಎಂದು ನೀನು ಹೇಳಿದ್ದೇ ತಡ, ಇಲ್ಲಿಯೂ ಸೋಮವಾರ ಕೆಂಪು ಕಾಳು ಶುರುವಾಯಿತು. ಎರಡು ವರ್ಷ ತಿಂದೆ. ಹಬ್ಬದ ಮೆರವಣಿಗೆಯಲ್ಲಿ ಗಾಡಿ ಮೇಲಿಂದ ಜನರಿಗೆ ಎಸೆಯುತ್ತಾರೆಂದು ನೀನು ಕಳಿಸಿದ ಹಸಿರು, ನೇರಳೆ ಮಣಿಸರ ಹಾಕಿಕೊಂಡು ತರಕಾರಿ ತರಲು ಹೋಗುತ್ತಿದ್ದಳು. ಜನ ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸುವುದನ್ನು ವಿಡಿಯೊದಲ್ಲಿ ನೋಡಿ, "ಇದು ನಮ್ಮ ಶಹಾಬಜಾರ ಅಲ್ಲೇನ್ರಿ, ಮಂದಿ ಅಷ್ಟ ಬ್ಯಾರೆ" ಅಂದಳು.

ಆದರೆ ಅವಳು ಮತ್ತೆ ಮತ್ತೆ ಹಚ್ಚಲು ಹೇಳುತ್ತಿದ್ದದ್ದು ಮಣ್ಣು ಮಾಡಲು ಒಯ್ಯುವ ವಿಡಿಯೊ. ಹೆಣದ ಪೆಟ್ಟಿಗೆಯ ಮುಂದೆ ಬ್ಯಾಂಡಿನವರು, ಹೋಗುವಾಗ ಕಾಲೆಳೆಯುತ್ತ ನಿಧಾನದ ಬಾಜಾ. ಮಣ್ಣು ಕೊಟ್ಟು ಬರುವಾಗ ಅದೇ ಮಂದಿ ಛತ್ರಿ ಅರಳಿಸಿ, ಕರವಸ್ತ್ರ ಬೀಸಿ, ಕಣ್ಣೀರು ಒರೆಸಿಕೊಳ್ಳದೆ ಕುಣಿಯುತ್ತಾರೆ. ಎರಡನೇ ಸಲ ನೋಡಿದಾಗಲೇ ಅವಳು ನನ್ನ ಮುಖ ನೋಡಿ, "ನಾ ಹೋದಾಗ ನನಗೂ ಹಿಂಗ ಊದ್ರಿ. ಹೋಗುವಾಗೊಂದು, ಬರುವಾಗೊಂದು" ಅಂದಳು.

ನನ್ನ ಶಪಥ ನಿನಗೆ ಗೊತ್ತೇ ಇದೆ. ನಮ್ಮೂರು ಕಮಲಾಪುರದಲ್ಲಿ ದೊಡ್ಡ ಮನೆಯವರು ಯಾರು ಸತ್ತರೂ ನಮ್ಮಪ್ಪ ಹೆಣದ ಮುಂದೆ ಹಲಗಿ ಬಾರಿಸಬೇಕಿತ್ತು. ಜ್ವರವಿದ್ದರೂ ಬಾರಿಸಬೇಕು. ನಮ್ಮವರು ಸತ್ತರೆ ಮಾತ್ರ ಹೆಣ ಅವರ ಮನೆ ಮುಂದೆ ಸದ್ದಿಲ್ಲದೆ ದಾಟಬೇಕು. ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ನಾನು ಆ ಹಲಗಿಯನ್ನು ಒಲೆಗೆ ಹಾಕಿ, ಇನ್ನು ಸಾವಿನ ಮುಂದೆ ನನ್ನ ಕೈಯಿಂದ ಬಾಜಾ ಇಲ್ಲ ಅಂದವನು. ಕಲಬುರಗಿಗೆ ಬಂದು ಕ್ಲಾರಿನೆಟ್ ಕಲಿತೆ, ಮದುವೆಗಳಲ್ಲಿ ಊದಿದೆ, ನಿನ್ನನ್ನು ಓದಿಸಿದೆ. ಇದನ್ನೆಲ್ಲ ನಿಮ್ಮವ್ವನ ಮುಂದೆ ಹೊಸದಾಗಿ ಹೇಳಿದೆ. ಅವಳು ಕಾಳು ಆರಿಸುತ್ತ, "ಆ ಬ್ಯಾಂಡಿನ ಮಂದೀನೂ ಒಂದ್ ಕಾಲಕ್ಕ ಇನ್ನೊಬ್ಬರ ಆಳಾಗಿದ್ದವ್ರ ಅಂತ ಯಶೋ ಹೇಳ್ಯಾಳಲ್ರಿ. ಈಗ ಅವ್ರು ತಮ್ಮವ್ರಿಗೆ ತಾವ ಬಾರಸ್ತಾರ. ನಾ ಏನ್ ದೊಡ್ಡ ಮನಿ ಹೆಣಾನೇನ್ರಿ? ನಾ ನಿಮ್ಮಾಕಿ" ಅಂದಳು. ಹೂಂ ಅಂದೆ. ಆಮೇಲೆ ಆಸ್ಪತ್ರೆಯಲ್ಲಿ ಕೊನೆಯ ವಾರ ಮತ್ತೆ ಕೈ ಹಿಡಿದು ಕೇಳಿದಳು, ಮತ್ತೆ ಹೂಂ ಅಂದೆ.

ನಿನ್ನ ವೀಸಾದ ಕಾಗದ ಆಗದೆ ನೀನು ಬರಲಾಗಲಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಖುರ್ಷೀದ್ ಬೇಗಂ ಆ ಮಣಿಸರವನ್ನು ತಾನೇ ನಿಮ್ಮವ್ವನ ಕೊರಳಿಗೆ ಹಾಕಿದಳು. ತವರಿನ ಮಣ್ಣೇ ಬೇಕು ಅಂದಿದ್ದಳಲ್ಲ, ಅವಳ ತವರೂ ನನ್ನ ಊರೂ ಒಂದೇ, ಕಮಲಾಪುರಕ್ಕೆ ಒಯ್ದೆವು. ನಾನು ಬಿಳಿ ಅಂಗಿ ತೊಟ್ಟು ಕ್ಲಾರಿನೆಟ್ ಹಿಡಿದು ಮುಂದೆ ನಿಂತೆ. ಭೀಮಶಾ ಡೋಲು ಬಿಗಿದುಕೊಂಡು ನನ್ನ ಕಣ್ಣನ್ನೇ ನೋಡುತ್ತಿದ್ದ. ದೊಡ್ಡ ಮನೆ ದಾಟುವಾಗಲೇ ಶುರು ಮಾಡಬೇಕು ಎಂದು ನಾನೇ ಹೇಳಿದ್ದೆ, ನಮ್ಮ ಹೆಣ ಸದ್ದು ಮಾಡಿಕೊಂಡು ಹೋಗುವುದನ್ನು ಆ ಮನೆ ನೋಡಲಿ ಎಂದು. ಇದೇ ನೋಡು ನಾನು ಮಾಡಿದ ತಪ್ಪು. ನಿಮ್ಮವ್ವ ತನಗಾಗಿ ಊದು ಅಂದಿದ್ದಳು, ನಾನು ಆ ಮನೆಗಾಗಿ ಊದಲು ಹೊರಟೆ.

ಕಟ್ಟೆಯ ಮೇಲೆ ಆ ಮನೆಯ ಕಲ್ಯಾಣಪ್ಪ ಕೂತಿದ್ದ. ತೊಂಬತ್ತರ ಹತ್ತಿರದ ಮುದುಕ, ಕಣ್ಣು ಮಂಜು. ನನ್ನ ಕೈಯಲ್ಲಿನ ವಾದ್ಯ ಕಂಡು ಮುಖ ಅರಳಿತು. ನಗೆಯಾಡಲಿಲ್ಲ, ಹೀಯಾಳಿಸಲಿಲ್ಲ, ನಿಜವಾಗಿ ಅಕ್ಕರೆಯಿಂದ ಹೇಳಿದ: "ಮಾಪಣ್ಣಾ, ಕಡೀಗೂ ನಿಮ್ಮಪ್ಪನ ಕೆಲಸಾ ಹಿಡದಿ ನೋಡು. ಭಾಳ ಚಲೋ ಆತು. ನಾ ಹೋದಾಗೂ ಬರಬೇಕ್ ಮತ್ತ."

ಬಾಯಿಗಿಟ್ಟ ಕ್ಲಾರಿನೆಟ್ ಹಾಗೇ ನಿಂತಿತು. ಎದೆಯಲ್ಲಿ ಗಾಳಿಯೇ ಇಲ್ಲ. ಭೀಮಶಾ ಎರಡು ಪೆಟ್ಟು ಹಾಕಿ, ನಾನು ಎತ್ತಿಕೊಳ್ಳದ್ದು ನೋಡಿ ಕೈ ಬಿಟ್ಟ. ನಾನು ವಾದ್ಯವನ್ನು ಶಾಲಿನೊಳಗೆ ಮುಚ್ಚಿಕೊಂಡು, ತಲೆ ತಗ್ಗಿಸಿ ನಡೆದೆ. ನಮ್ಮವ್ವನ ಹೆಣ ಹೇಗೆ ಆ ಮನೆ ದಾಟಿತ್ತೋ ನಿಮ್ಮವ್ವನದೂ ಹಾಗೇ ದಾಟಿತು. ನಾನು ಊದಲಿಲ್ಲ ಯಶೋ. ಬರುವಾಗ ಭೀಮಶಾ, "ಉಸ್ತಾದ್, ಇದೊಂದಾದ್ರೂ ಊದ್ರಿ" ಅಂದ. ಅವನ ಮೇಲೆ ರೇಗಿದೆ.

ಸಂಜೆ ನಿನ್ನ ಫೋನ್ ಬಂತು. ಅಳುತ್ತಲೇ ಕೇಳಿದಿ, "ಊದಿದೇನಪ್ಪಾ?" ಊದಿದೆ ಅಂದೆ. ಬರುವಾಗ? ಬರುವಾಗಲೂ, ಎಲ್ಲರೂ ಕುಣಿದರು ಅಂದೆ. ಖುರ್ಷೀದ್ ಬೇಗಂ ಛತ್ರಿ ಬಿಚ್ಚಿದಳು ಎಂದೂ ಸೇರಿಸಿದೆ. ನೀನು ಅಳುತ್ತಲೇ ನಕ್ಕಿ. ಆ ನಗೆ ಕೇಳಿದ ಮೇಲೆ ನಿಜ ಹೇಳುವ ಬಾಯಿ ನನಗಿರಲಿಲ್ಲ.

ನಿನ್ನೆ ಒಬ್ಬನೇ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿದ್ದೆ. ಅವಳ ಮಣ್ಣಿನ ಪಕ್ಕ ಕೂತು ಊದಲು ನೋಡಿದೆ. ಬರೀ ಗಾಳಿ ಬಂತು. ಒಂದು ಗಂಟೆ ಕೂತೆ. ನಲವತ್ತು ವರ್ಷ ಪರರ ಮದುವೆಗೆ ಊದಿದ ಉಸಿರು ಮನೆಯವಳಿಗೆ ಇಲ್ಲವಾಯಿತು. ಇನ್ನು ಬರುತ್ತದೆ ಎಂಬ ಆಸೆಯೂ ನನಗಿಲ್ಲ. ಇದು ಮೊಣಕಾಲಲ್ಲ ತಾಯಿ, ನೀನು ಬಂದು ನಡೆಸಲಿಕ್ಕೆ.

ನಿನ್ನ ಓಣಿಯ ಬ್ಯಾಂಡಿನ ಹಿರಿಯರಿಗೆ, ನಿಮ್ಮವ್ವನನ್ನು ಒಂದು ದಿನವೂ ನೋಡದೆ ಅವಳಿಗಾಗಿ ಬೀದಿಗಿಳಿಯುವ ಆ ದೊಡ್ಡ ಮನಸ್ಸಿನವರಿಗೆ, ನನ್ನ ಎರಡೂ ಕೈಯ ನಮಸ್ಕಾರ ಮುಟ್ಟಿಸು. ನಿನಗೆ ಬುದ್ಧನ ಕರುಣೆ ಇರಲಿ, ಮೈಕೈ ಗಟ್ಟಿಯಾಗಿರಲಿ. ನನ್ನನ್ನು ಬೈಯಬೇಕೆನಿಸಿದರೆ ಬೈ, ಮಾತು ಮಾತ್ರ ಬಿಡಬೇಡ.

ನಿನ್ನ ಅಪ್ಪ
ಮಾಪಣ್ಣ

ತಾ.ಕ.: ಅಫ್ರೀನ್ ಫೋನ್ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಕಾಲೇಜಿಗೆ ಹೊತ್ತಾಯಿತಂತೆ. ಮುಖ್ಯ ಮಾತೇ ಉಳಿಯಿತು. ಭಾನುವಾರ ನನ್ನದೇನೂ ಕಳಿಸಲಾರೆ, ಅವರು ತಮ್ಮದನ್ನೇ ಬಾರಿಸಲಿ. ಆದರೆ ಹೋಗುವಾಗಿನದಷ್ಟೇ ಬಾರಿಸಲಿ. ಬರುವಾಗಿನದು ಬೇಡ ಅನ್ನು. ಯಾಕೆ ಎಂದು ಕೇಳಿದರೆ, "ನಮ್ಮಪ್ಪ ಅವ್ವನ ಮಣ್ಣಿಗೆ ಹೋದವನು ಇನ್ನೂ ತಿರುಗಿ ಬಂದಿಲ್ಲ" ಅನ್ನು.